ಆಚೆ ಬಿದ್ದ ಓಟು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಅಕ್ಕ, ತಮ್ಮ ಕೂತಿದ್ದರು. ಗುಡ್ಡದ ಮೇಲಿನ ಊರಿಗೆ ಮದುವೆಯಾಗಿ ಹೋಗಿದ್ದ ಅಕ್ಕನನ್ನು ತಮ್ಮ ತವರಿಗೆ ಕರೆದುಕೊಂಡು ಹೊರಟಿದ್ದ.

“ಒಂದು ಓಟಿಗೆ ಮನೆ ಬಿಡಿಸ್ತಾರಾ ಅಕ್ಕಾ?”

“ಅಲ್ಲಿ ಊರಿಗೆಲ್ಲ ಒಂದೇ ಮಾತು ಕಣೋ. ಯಾರಿಗೆ ಓಟು ಅಂತ ಹಿರಿಯರು ಕೂತು ತೀರ್ಮಾನ ಮಾಡಿದ್ರೆ ಮುಗೀತು. ಎಣಿಸಿದಾಗ ನಮ್ಮೂರಿಂದು ಒಂದೇ ಒಂದು ಓಟು ಆಚೆಯವರಿಗೆ ಬಿದ್ದಿತ್ತು.”

“ನಮ್ಮ ಕಡೆ ಅಪ್ಪ ಒಬ್ಬರಿಗೆ, ಅಮ್ಮ ಇನ್ನೊಬ್ಬರಿಗೆ ಹಾಕಿ, ದಾರಿಯುದ್ದಕ್ಕೂ ಕಿತ್ತಾಡ್ಕೊಂಡು ಬಂದು ಒಟ್ಟಿಗೇ ಊಟಕ್ಕೆ ಕೂರ್ತಾರೆ.”

“ಅದಕ್ಕೇ ಎಲ್ಲರೂ ನನ್ನನ್ನೇ ನೋಡಿದ್ರು. ಕೆಳಗಿನ ಸೀಮೆಯವಳು ನಾನೊಬ್ಬಳೇ. ಊರಿಗೊಂದು ದಾರಿಯಾದ್ರೆ ನಿಂಗೊಂದು ದಾರಿಯಾ ಅಂದ್ರು.”

“ಭಾವ ಏನಂದ್ರು?”

“ಬ್ಯಾಗಿನ ಜಿಪ್ ಹಾಕಿಕೊಟ್ರು.”

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

“ಹೋಗ್ಲಿ ಬಿಡು. ನಿನ್ನ ಓಟು, ನಿನ್ನಿಷ್ಟ.”

“ನಾನು ಹಾಕಿದ್ದು ಊರವರು ಹೇಳಿದ ಗುರುತಿಗೇ.”

ತಮ್ಮ ಅವಳ ಮುಖ ನೋಡಿದ. “ಮತ್ತೆ ಅದು ಯಾರದು?”

“ಅತ್ತೇದು. ಹೊರಡೋವಾಗ ಹಿತ್ತಲಿಗೆ ಕರೆದು, ಕೈ ಹಿಡ್ಕೊಂಡು ಹೇಳಿದ್ರು.”

“ಎಲ್ಲರ ಮುಂದೆ ಹೇಳೋದಲ್ವಾ ನೀನು?”

“ನನಗಾದ್ರೆ ಹೋಗೋಕೆ ತವರಿದೆ. ಈ ವಯಸ್ಸಲ್ಲಿ ಅವರೆಲ್ಲಿಗೆ ಹೋಗ್ತಾರೋ?”

ಬಸ್ಸು ಬಂತು. ತಮ್ಮ ಬ್ಯಾಗು ಎತ್ತಿಕೊಂಡು, “ಕಿಟಕಿ ಪಕ್ಕ ನೀನು ಕೂತ್ಕೋ” ಅಂದ.

ಅವಳು ಹೂಂ ಅಂದು ಹತ್ತಿದಳು.