ಹಳೇ ಆಟೋದ ಸದ್ದು

ಆದೋನಿ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಮಂತ್ರಾಲಯದ ಬಸ್ಸಿಗೆ ಕಾಯುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತು. ಪಕ್ಕದ ಬೆಂಚಿನಲ್ಲಿ ಇಬ್ಬರು ಆಟೋದವರಿದ್ದರು. ಹಿರಿಯ ಮಾರೆಣ್ಣನದು ಹೊಸ ಬ್ಯಾಟರಿ ಆಟೋ. ಕಿರಿಯ ಜಂಬಪ್ಪನ ಕಣ್ಣೆಲ್ಲ ಅದರ ಮೇಲೆಯೇ.

“ಹ್ಯಾಂಡ್ಲು ಹೆಂಗೈತಿ, ಮಾರೆಣ್ಣ?”

“ಬೆಣ್ಣಿ ಇದ್ದಂಗೈತಿ. ಆದ್ರ ಎಡಗೈ ಇನ್ನಾ ಕ್ಲಚ್ ಹುಡುಕ್ತೈತಿ.”

“ಹಳೇದು ಬಾಳ ಕಾಡ್ತಿತ್ತು ಬಿಡು.”

“ಮೂರು ಸಲ ಲಿವರ್ ಜಗ್ಗಿದ್ರ ಒಂದು ಸಲ ಸ್ಟಾರ್ಟು. ಎಡಕ್ಕ ಎಳೀತಿತ್ತು. ಬಲಕ್ಕ ಜಗ್ಗಿ ಜಗ್ಗಿ ಹದಿನೆಂಟು ವರ್ಷ ಓಡಿಸೀನಿ.”

“ಮತ್ತ ಯಾಕ ಮುಖ ಸಣ್ಣ ಮಾಡೀ?”

“ಅದರ ಸದ್ದು ಓಣಿ ತಿರುವಿನ್ಯಾಗ ಕೇಳಿದ್ರ ಸಾಕು, ನಮ್ಮನಿಯಾಕಿ ಹಂಚಿನ ಮ್ಯಾಲೆ ರೊಟ್ಟಿ ಹಾಕ್ತಿದ್ಲು. ಕೈಕಾಲು ತೊಳಕೊಂಡು ಕುಂತ್ರ ಬಿಸಿ ರೊಟ್ಟಿ. ಇದು ಸದ್ದೇ ಮಾಡಂಗಿಲ್ಲ.”

“ಹಾರನ್ ಹೊಡಿ.”

“ಹಾರನ್ ಊರೆಲ್ಲಾ ಹೊಡೀತೈತಿ. ಹಳೇದನ್ನ ನಮ್ಮ ಓಣಿ ಸೂರಿಗೇ ಮಾರೀನಿ. ಅಂವ ಬಂದ್ರ ನಾನ ಬಂದೆ ಅಂತ ಆಕಿ ಈಗೂ ರೊಟ್ಟಿ ಹಾಕ್ತಾಳ. ನಾ ಹೋಗಾದ್ರಾಗ ತಣ್ಣಗಾಗಿರ್ತೈತಿ.”

“ಆಕಿಗೆ ಹೇಳಬೇಕಿಲ್ಲ?”

“ಹೇಳೀನಿ. ‘ನನ್ನ ಕೈ ಕೇಳಂಗಿಲ್ಲ’ ಅಂತಾಳ.”

ಅಷ್ಟರಲ್ಲಿ ರಸ್ತೆಯಾಚೆ ಹಳೇ ಆಟೋ ಒಂದು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗುಡುಗಿತು. ಮಾರೆಣ್ಣ ಅರ್ಧ ಚಹಾ ಬಿಟ್ಟು ಎದ್ದ.

“ಎಲ್ಲಿಗೆ?”

“ಸೂರಿ ಊಟಕ್ಕ ಮನಿಗೆ ಹೊಂಟ. ನಮ್ಮನಿಯಾಕಿ ರೊಟ್ಟಿ ಹಾಕ್ತಾಳ.”

ಹಳೇ ಆಟೋ ರಸ್ತೆಗೆಲ್ಲ ಕೇಳುವಂತೆ ಸದ್ದು ಮಾಡುತ್ತ ಹೋಯಿತು. ಹೊಸದು ಸದ್ದಿಲ್ಲದೆ ಅದರ ಬೆನ್ನು ಹಿಡಿಯಿತು.