ಹಲ್ಲಿನ ಸಂದಿಗೆ ರೇಷ್ಮೆ ನೂಲು

…ನಗಬೇಡ ಆದಿಲಕ್ಷ್ಮೀ, ನಕ್ಕರೆ ನೂಲು ಜಾರ್ತದೆ. ಬಾಯಿ ಅಗಲಕ್ಕೆ ತೆಗಿ! ಇನ್ನೂ… ಮುದ್ದೆ ನುಂಗುವಾಗ ಹೇಗೆ ತೆಗೀತೀಯ? ಹಾಂ, ಹಾಗೆ.

ಅಯ್ಯೋ, ಯಾಕೆ ಹಿಂದಕ್ಕೆ ಸರೀತೀಯ! ನೇಣಿನ ಹಗ್ಗ ಅಲ್ಲ ಕಣೇ ಇದು, ರೇಷ್ಮೆ. ನಿಮ್ಮ ಮಾವನ ಚರಕದಲ್ಲಿ ತೆಗೆದ ನೂಲು. ಸೋಪಿನ ನೀರಲ್ಲಿ ಕುದಿಸಿ ಅಂಟು ಬಿಡಿಸಿದ್ದೀನಿ. ನಮ್ಮ ವಿಜಯಪುರದ ರೇಷ್ಮೆ ಈಗ ಯುದ್ಧಕ್ಕೆ ಹೋಗ್ತಿದೆ, ಗೊತ್ತಾ? ಅದರಲ್ಲಿ ನೇಯ್ದ ಪ್ಯಾರಾಚೂಟ್ ಕಟ್ಕೊಂಡು ಸೋಲ್ಜರುಗಳು ಆಕಾಶದಿಂದ ಇಳೀತಾರೆ. ಅಂಥಾ ಗಂಡಸರ ಭಾರ ಹೊರೋ ನೂಲು, ನಿನ್ನ ದವಡೇಲಿ ಸಿಕ್ಕಿದ ಭಾನುವಾರದ ಕೋಳಿ ನಾರನ್ನ ಎಳೆಯಲ್ವಾ?

ಏನು? ಬೆರಳು ತೋರಿಸಬೇಡ, ಹೇಳು… ಬೆಂಗಳೂರಾ? ಹಲ್ಲಿನ ಡಾಕ್ಟರಾ? ಒಂದೆಳೆ ನಾರಿಗೆ ಬಸ್ಸು ಹತ್ತುತ್ತಾಳಂತೆ! ಮನೇಲಿ ಕಾಲೇಜು ಓದಿದ ಅತ್ತೆ ಇರುವಾಗ! ಪಕ್ಕದ ಮನೆ ಪಾಪಕ್ಕನಿಗೆ ಗೊತ್ತಾದ್ರೆ ಸಾಕು, ನಾಳೆ ಬಾವಿಕಟ್ಟೇಲಿ ನನ್ನ ಇಂಟರ್‌ಮೀಡಿಯೆಟ್ಟನ್ನ ಬಟ್ಟೆ ಜೊತೆ ಕುಕ್ಕಿ ಕುಕ್ಕಿ ಒಗೀತಾಳೆ.

ಕೆನ್ನೆ ಊದಿದೆ, ಗೊತ್ತು. ಅದಕ್ಕೇ ಹೇಳ್ತಿರೋದು. ಬೇವಿನ ಕಡ್ಡಿ, ಇದ್ದಿಲು, ಉಪ್ಪು… ಅವು ಹಲ್ಲಿನ ಮುಖ ತೊಳೀತವೆ. ಸಂದಿ ತೊಳೆಯೋರು ಯಾರು? ನಿಮ್ಮ ಮಾವ ಪೊರಕೆಕಡ್ಡೀಲಿ ಚುಚ್ಚಿ ಚುಚ್ಚಿ ಮೂವತ್ತೆರಡರಲ್ಲಿ ಹನ್ನೊಂದು ಉಳಿಸ್ಕೊಂಡಿದ್ದಾರೆ. ಎಲ್ಲ ಈ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ, ಒಂದೊಂದು ಹಲ್ಲಿಗೂ ತಾರೀಖು, ಕಾರಣ. ಮತ್ತೆ ನಗು! ನಿನ್ನ ಗಂಡನ ಮೊದಲನೇ ಹಾಲುಹಲ್ಲು ಯಾವತ್ತು ಬಿತ್ತು, ಕೇಳು, ನೋಡ್ದೇನೇ ಹೇಳ್ತೀನಿ.

ನೂಲನ್ನ ಹೀಗೆ ಎರಡು ಬೆರಳಿಗೆ ಸುತ್ತಬೇಕು. ಮೆಲ್ಲಗೆ ಸಂದಿಗೆ ಇಳಿಸಬೇಕು… ಗರಗಸ ಆಡಿಸಿದ ಹಾಗಲ್ಲ, ವಸಡು ಕೊಯ್ತದೆ. ಹಲ್ಲಿನ ಬದಿಗೆ ಒತ್ತಿ ಮೇಲೆ, ಕೆಳಗೆ. ದಿನಾ ಒಂದು ಸಲ. ಅಷ್ಟೇ!

ಇದೇನು, ನೂಲನ್ನ ನನಗೇ ಕೊಡ್ತೀಯ? ನಾನು ಮೊದಲು ಮಾಡ್ಕೋಬೇಕಾ? ನಂಗೆ… ನಂಗೆ ಬೇಡಮ್ಮ. ನನ್ನವೆಲ್ಲ ಗಟ್ಟಿ. ಹೋಗಿರೋದು ಒಂದೇ ಒಂದು. ಅದೂ ಪುಸ್ತಕದಲ್ಲಿದೆ, ತಗೋ, ನೀನೇ ನೋಡು: "ಒಂಬತ್ತನೇ ಮಾರ್ಚಿ, ನಲವತ್ತೆರಡು. ಎಡದವಡೆ. ಕಾರಣ: ಮನೆಯ ಮಹಡಿ ಮೆಟ್ಟಿಲಿನಿಂದ ಜಾರಿ ಬಿದ್ದದ್ದು."

ನಗೋದಾದ್ರೆ ನಗು… ಮೇಲೆ ಏನು ನೋಡ್ತಿದ್ದೀಯ?

…

ಹೌದು. ನಮ್ಮ ಮನೆಗೆ ಮಹಡಿ ಇಲ್ಲ.

ಅವತ್ತು ನೂಲಿನ ಅಂಟು ಬಿಡಿಸಿರಲಿಲ್ಲ ಕಣೇ. ಸಂದೀಲಿ ಸಿಕ್ಕಿಕೊಳ್ತು. ಎಳೆದೆ, ಬರಲಿಲ್ಲ. ಎರಡೂ ಕೈಯಲ್ಲಿ ಎಳೆದೆ… ಹಲ್ಲೂ ಜೊತೇಲೇ ಬಂತು. ಮೊದಲೇ ಅಲ್ಲಾಡ್ತಿತ್ತು ಅನ್ನು. ಈಗ ತಪ್ಪು ಎಲ್ಲಿ ಅಂತ ಗೊತ್ತು, ಆದರೂ ನನ್ನ ಬಾಯಿಗೆ ಹಾಕೋಕೆ ಕೈ ಬರೋಲ್ಲ. ನಿನ್ನ ಬಾಯಿಗಾದ್ರೆ… ಬಂತು.

ಹಾಗೆ ನೋಡಬೇಡ್ವೇ. ಏಳು, ಸೀರೆ ಬದಲಾಯಿಸ್ಕೋ, ಒಂಬತ್ತರ ಬಸ್ಸು ಸಿಗ್ತದೆ. ನಾನೂ ಬರ್ತೀನಿ.

ತಾಳು… ಮೊದಲು ಆ ಪುಸ್ತಕ, ಪೆನ್ಸಿಲು ಕೊಡು ಇಲ್ಲಿ, ಆ ಮಹಡಿ ಮೆಟ್ಟಿಲನ್ನ ತಿದ್ದಬೇಕು.