ಪರದೆಯ ಹೊರಗಿನ ಕುರ್ಚಿ

ನನ್ನ ಹೆಸರು ಚಿನ್ಮಯಿ, ತಂದೆ ತಿಪ್ಪೇಸ್ವಾಮಿ, ವಯಸ್ಸು 18 ವರ್ಷ, ಬಿ.ಎಸ್‌ಸಿ. ಮೊದಲ ವರ್ಷದ ವಿದ್ಯಾರ್ಥಿನಿ, ವಾಸ ಚಂದಾನಗರದ ಖಾಸಗಿ ಮಹಿಳಾ ಹಾಸ್ಟೆಲ್, ಹೈದರಾಬಾದ್. ಸ್ವಂತ ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ.

ಠಾಣೆಗೆ ಹಾಜರಾಗಿ ನಾನೇ ಬರೆದು ತಿಳಿಸುವುದೇನೆಂದರೆ, ನನಗೆ ತೆಲುಗು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು, ಮನಸ್ಸಾಗಲಿಲ್ಲ. ಕಾರಣ ಮುಂದೆ ಇದೆ. ಕರ್ನಾಟಕದ ಗಡಿಗೆ ಹತ್ತಿರದ ಜಹೀರಾಬಾದ್ ಕಡೆಯ ಹೆಡ್ ಕಾನ್‌ಸ್ಟೇಬಲ್ ಶಾಂತಪ್ಪನವರು, ನಿಮಗ ಬಂದಂಗ ಕನ್ನಡದಾಗ ಬರೀರಿ, ತೆಲುಗಿಗೆ ನಾ ಹಾಕ್ತೀನಿ ಎಂದು ಹೇಳಿದ್ದರಿಂದ ಹೀಗೆ ಬರೆಯುತ್ತಿದ್ದೇನೆ.

ನಿನ್ನೆ ದಿನಾಂಕ 12-11-2024, ಮಂಗಳವಾರ, ಪಟಾನ್‌ಚೆರುವಿನಲ್ಲಿ ಸಹಪಾಠಿ ಐಶ್ವರ್ಯಾಳ ಮನೆಗೆ ಹೋಗಿದ್ದೆ. ಕಾಲೇಜಿಗೆ ರಜೆ ಇರಲಿಲ್ಲ, ಲ್ಯಾಬ್ ತಪ್ಪಿಸಿದ್ದೆ. ಇದು ಪ್ರಕರಣಕ್ಕೆ ಬೇಕಿಲ್ಲ, ಆದರೂ ಇದ್ದದ್ದನ್ನು ಬರೆಯಿರಿ ಎಂದಿದ್ದಾರೆ. ಮಧ್ಯಾಹ್ನ 3.20ಕ್ಕೆ ಕೋಠಿ ಕಡೆಗೆ ಹೋಗುವ ಬಸ್ ಹತ್ತಿದೆ.

ನನ್ನ ಪಕ್ಕದ ಸೀಟಿನಲ್ಲಿ ಸುಮಾರು 45 ವರ್ಷದ ಹೆಂಗಸು ಕುಳಿತಿದ್ದರು. ಹೆಸರು ಹಂಪಮ್ಮ, ಊರು ಸುರಪುರದ ಹತ್ತಿರ ಎಂದು ನಂತರ ತಿಳಿಯಿತು. ಅವರ ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬರುತ್ತಿತ್ತು. ಬಾಯಿಯಿಂದ ಜೊಲ್ಲು ನಿಲ್ಲದೆ ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇದ್ದರು. ನಾನು ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ನನ್ನ ಕಡೆ ತಿರುಗಿ, ನೀ ನಮ್ಮ ಕಡ್ಯಾಕಿ ಏನವ್ವ, ನನಗ ಕಣ್ಣು ಮಂಜ ಆಗಾಕತ್ತಾವ, ಎದಿ ಹಿಡದಂಗ ಆಗೇತಿ ಎಂದರು.

ಹಿಂದೆ ನಿಂತಿದ್ದ ಸುಮಾರು 30 ವರ್ಷದ ಬಸವಕಿರಣ ಎಂಬವರು, ಏ ಹಂಪಕ್ಕ, ಸುಮ್ಮ ಕೂಡು, ಖಾಲಿ ಹೊಟ್ಟೀಲಿ ಬಸ್ ಹತ್ತಿದ್ರ ಹಿಂಗ ಆಕ್ಕೈತಿ, ರೂಮಿಗೆ ಹೋಗಿ ಮಲಗಿದ್ರ ಎಲ್ಲಾ ಬರೋಬ್ಬರಿ ಎಂದರು. ಇವರು ಹಂಪಮ್ಮ ಕೆಲಸ ಮಾಡುವ ಶೆಡ್ಡಿನ ಗುತ್ತಿಗೆದಾರರ ಸೂಪರ್‌ವೈಸರ್. ಆ ಶೆಡ್ ಯಾವ ಕಾರ್ಖಾನೆಗೆ ಸೇರಿದ್ದೆಂದು ನನಗೆ ಗೊತ್ತಿಲ್ಲ.

ಹಂಪಮ್ಮ ಎರಡು ಸಲ ವಾಂತಿ ಮಾಡಿಕೊಂಡರು. ಕಂಡಕ್ಟರ್ ಒಂದು ಖಾಸಗಿ ಆಸ್ಪತ್ರೆಯ ಮುಂದೆ ಬಸ್ ನಿಲ್ಲಿಸಿದರು. ತಡವಾಗುತ್ತದೆ ಎಂದು ಗೊಣಗಿದ ಪ್ರಯಾಣಿಕನೊಬ್ಬನಿಗೆ, ಅಷ್ಟು ಅವಸರವಿದ್ದರೆ ಶಂಷಾಬಾದಿಗೆ ಹೋಗಿ ವಿಮಾನ ಹತ್ತು ಎಂದು ತೆಲುಗಿನಲ್ಲಿ ಬೈದರು. ಬಸವಕಿರಣ ಇಳಿಯುವುದು ಬೇಡ ಎಂದರು. ಕಂಡಕ್ಟರ್ ಕೇಳಲಿಲ್ಲ. ಹಂಪಮ್ಮ ನನ್ನ ಕೈ ಬಿಡದ ಕಾರಣ ನಾನೂ ಇಳಿದೆ.

3.45ಕ್ಕೆ ತುರ್ತು ವಿಭಾಗ ಸೇರಿದೆವು. ಅದು ಒಂದೇ ಹಾಲ್, ಆರು ಹಾಸಿಗೆ, ನಡುವೆ ಹಸಿರು ಪರದೆ. ಡ್ಯೂಟಿ ಡಾಕ್ಟರ್ ಸೃಜನ್ ಅವರು ತೆಲುಗಿನಲ್ಲಿ ಪ್ರಶ್ನೆ ಕೇಳಿದರು. ಹಂಪಮ್ಮನಿಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ಎಲ್ಲ ಪ್ರಶ್ನೆಗೂ ಬಸವಕಿರಣ ಹಿಂದಿಯಲ್ಲಿ ಉತ್ತರ ಕೊಟ್ಟರು, ಬೆಳಿಗ್ಗೆಯಿಂದ ಊಟವಿಲ್ಲ, ಗ್ಯಾಸ್ಟ್ರಿಕ್, ಮೊದಲಿನಿಂದಲೂ ಇದೆ ಎಂದು. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ವಿಷ ಏನಾದರೂ ಕುಡಿದಿದ್ದಾರಾ, ಮನೆಯಲ್ಲಿ ಜಗಳವೇ ಎಂದು ಜೋರಾಗಿ ಕೇಳಿದರು. ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ನಾನು ಮೆಲ್ಲಗೆ ಕನ್ನಡದಲ್ಲಿ ಕೇಳಿದೆ. ಹಂಪಮ್ಮ ಅಳುತ್ತಾ, ಯವ್ವಾ, ಮಂದಿ ಮುಂದ ಹಿಂಗ ಕೇಳ್ತಾರಲ್ಲ, ನಾ ಯಾಕ ಕುಡೀಲಿ, ಮಗಳು ಲಗ್ನಕ್ಕ ಬಂದಾಳ ಎಂದರು.

ಡಾಕ್ಟರು ಗಂಡಸರು ಹೊರಗೆ ಹೋಗಬೇಕು ಎಂದರು. ಬಸವಕಿರಣ, ನಾ ಆಕಿ ತಮ್ಮ ಇದ್ದಂಗ, ನನ್ನ ಮುಂದ ಎಂಥಾ ನಾಚಿಕಿ ಎಂದು ನಕ್ಕು, ಪರದೆಯ ಆಚೆ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಪರದೆಯ ಕೆಳಗೆ ಅವರ ಬೂಟು ಕಾಣುತ್ತಿತ್ತು.

ಸಿಸ್ಟರ್ ಸೀರೆ ತೆಗೆಯಬೇಕು, ಮೈ ತೊಳೆಯಬೇಕು ಎಂದರು. ಬಟ್ಟೆಯಲ್ಲಿ ಇರುವುದು ಚರ್ಮದ ಮೂಲಕ ಇನ್ನೂ ಒಳಗೆ ಹೋಗುತ್ತಿರಬಹುದು ಎಂದರು. ಹಂಪಮ್ಮ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಂವ ಅಲ್ಲೇ ಕುಂತಾನ, ಪರದಿ ಮುಚ್ಚವಲ್ದು ಎಂದರು. ನಿಜವಾಗಿ ಪರದೆಯ ಮೂರು ಕೊಂಡಿ ಕಿತ್ತುಹೋಗಿದ್ದವು. ನಾನು ಎರಡೂ ಅಂಚು ಸೇರಿಸಿ ಹಿಡಿದು, ಹಾಸಿಗೆಗೆ ಬೆನ್ನು ಮಾಡಿ ನಿಂತೆ. ಡಾಕ್ಟರು ಈಗ ದನಿ ತಗ್ಗಿಸಿ, ಸೀರೆಗೆ ಬಿದ್ದದ್ದು ಏನು, ಯಾವಾಗ ಎಂದು ತಿಳಿಯದೆ ನಾನು ಬರೀ ಊಹೆಯ ಮೇಲೆ ಔಷಧ ಕೊಡಲಾರೆ ಎಂದರು. ಹಂಪಮ್ಮ ಏನಿಲ್ಲರಿ, ಏನಿಲ್ಲರಿ ಎನ್ನುತ್ತಲೇ ಇದ್ದರು. ಉಸಿರಿನಲ್ಲಿ ಗೊರಗೊರ ಸದ್ದು ಬರುತ್ತಿತ್ತು.

ನಂತರ ನನ್ನ ಕುತ್ತಿಗೆ ಎಳೆದು ಕಿವಿಯಲ್ಲಿ ಹೇಳಿದರು. ಬೆಳಿಗ್ಗೆ 11 ಗಂಟೆ ಸುಮಾರಿಗೆ ಶೆಡ್ಡಿನಲ್ಲಿ ಕೀಟನಾಶಕದ ಡ್ರಮ್ ಒಡೆದು ಸೀರೆ ಮೇಲೆ ಬಿತ್ತು, ನೆಲಕ್ಕೆ ಚೆಲ್ಲಿದ್ದನ್ನು ಬಸವಕಿರಣ ಇವರಿಂದಲೇ ಅರಿವೆಯಲ್ಲಿ ಒರೆಸಿಸಿದರು, ನಳದಲ್ಲಿ ಕಾಲು ತೊಳೆದು ಸಂಜೆಯವರೆಗೂ ಇರು ಎಂದರು, ತಲೆ ತಿರುಗತೊಡಗಿದ ಮೇಲೆ ರೂಮಿಗೆ ಬಿಡಲು ಹೊರಟರು, ಹೊರಗೆ ಬಾಯಿ ಬಿಡಬೇಡ ಎಂದರು. ಮಗಳು ಪಿಂಕಿ, 19 ವರ್ಷ, ಅದೇ ಶೆಡ್ಡಿನಲ್ಲಿ ಇದ್ದಾಳೆ. ನಾ ಹೇಳಿದ್ದು ಅಂವಗ ತಿಳಿದ್ರ ಹುಡುಗೀನ ಇವತ್ತೇ ಹೊರಗ ಹಾಕ್ತಾನ, ಡಾಕ್ಟರ್‌ಗಷ್ಟ ಹೇಳು ಎಂದರು. ಡಾಕ್ಟರು ಕೇಳಿದ್ದ ಇನ್ನೊಂದು ಪ್ರಶ್ನೆಗೂ ಕಿವಿಯಲ್ಲೇ ಉತ್ತರ ಹೇಳಿದರು. ಅದು ಅವರ ಮೈಗೆ ಸಂಬಂಧಿಸಿದ್ದು.

ಬಸವಕಿರಣರಿಗೆ ಕನ್ನಡ ಬರುತ್ತದೆ, ಹಿಂದಿ ಬರುತ್ತದೆ, ತೆಲುಗು ಬರುತ್ತದೆ. ಆದ್ದರಿಂದ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಐದನೇ ತರಗತಿಯಿಂದ ನಾನು ಹಾಸ್ಟೆಲಿನಲ್ಲೇ ಓದಿದವಳು. ಅಡುಗೆಯವರಿಗೆ, ವಾಚ್‌ಮನ್‌ಗೆ ತಿಳಿಯಬಾರದ ಮಾತನ್ನು ಅವರ ಎದುರೇ ಇಂಗ್ಲಿಷಿನಲ್ಲಿ ಆಡುವುದು ನಮ್ಮಲ್ಲಿ ರೂಢಿ. ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಅಂದುಕೊಂಡಿದ್ದೆವು. ಡಾಕ್ಟರು ಮೂರು ಅಡಿ ದೂರವಿದ್ದರು. ನಾನು ಪರದೆ ಹಿಡಿದುಕೊಂಡೇ, ಎಲ್ಲರಿಗೂ ಕೇಳುವ ದನಿಯಲ್ಲಿ, ಡ್ರಮ್ಮಿನ ವಿಷಯ, ಪಿಂಕಿಯ ವಿಷಯ, ಹೊರಗೆ ಕುಳಿತವರಿಗೆ ಇದು ತಿಳಿಯಬಾರದು ಎಂಬ ವಿಷಯ, ಎಲ್ಲವನ್ನೂ ಹೇಳಿದೆ. ಇನ್ನೊಂದು ಉತ್ತರವನ್ನೂ ಹೇಳಿದೆ.

ಕುರ್ಚಿ ಸರಿದ ಸದ್ದು ಕೇಳಿತು. ಬಸವಕಿರಣ ಫೋನಿನಲ್ಲಿ ಯಾರಿಗೋ, ಡ್ರಮ್ಮಿನ ವಿಷಯ ಡಾಕ್ಟರಿಗೆ ಗೊತ್ತಾಗಿದೆ, ಯಾರಾದರೂ ಬರುವ ಮೊದಲು ಹುಡುಗಿಯನ್ನು ಸಾಮಾನು ಸಮೇತ ಗೇಟಿನ ಹೊರಗೆ ಹಾಕಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ಪರದೆಯ ಕೆಳಗೆ ಬೂಟು ಕಾಣಲಿಲ್ಲ.

4.10ಕ್ಕೆ ಇಂಜೆಕ್ಷನ್ ಶುರುವಾಯಿತು. ಸೀರೆ ತೆಗೆದು ಚೀಲದಲ್ಲಿ ಕಟ್ಟಿ ಇಟ್ಟರು. ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಇನ್ನೊಂದು ಗಂಟೆ ಹುಡುಕುತ್ತಿದ್ದೆ ಎಂದು ಡಾಕ್ಟರು ನನಗೆ ಹೇಳಿ, ಪೊಲೀಸರಿಗೆ ತಿಳಿಸಿದರು. ಹಂಪಮ್ಮ ಕಣ್ಣು ಮುಚ್ಚಿಕೊಂಡೇ, ನೀ ಏನಂದಿ ಎಂದು ಕೇಳಿದರು. ಡಾಕ್ಟರಿಗೆ ಮಾತ್ರ ಹೇಳಿದೆ ಎಂದೆ. ಮತ್ತ ಅಂವ ಯಾಕ ಎದ್ದು ಹೋದ ಎಂದರು. ನಾನು ಅವರ ಫೋನಿನಿಂದ ಪಿಂಕಿಗೆ ಕರೆ ಮಾಡಿದೆ. ಪಿಂಕಿಯ ಫೋನ್ ಸ್ವಿಚ್ ಆಫ್ ಬರುತ್ತಿತ್ತು.

5.20ಕ್ಕೆ ಪಿಂಕಿ ಬೇರೆ ನಂಬರಿನಿಂದ ತಾಯಿಯ ಫೋನಿಗೆ ಕರೆ ಮಾಡಿದಳು. ಗೇಟಿನ ಹೊರಗೆ ಹಾಕಿದ್ದಾರೆ, ಫೋನ್ ಕಿತ್ತುಕೊಂಡಿದ್ದಾರೆ, ಇದು ವಾಚ್‌ಮನ್ ಫೋನ್ ಎಂದಳು. ನಾನು ದಾರಿ ಹೇಳಿದೆ. 6.15ಕ್ಕೆ ಒಬ್ಬಳೇ ಬಂದಳು. ಅವಳ ಸಲ್ವಾರಿನಿಂದಲೂ ಅದೇ ವಾಸನೆ ಬರುತ್ತಿತ್ತು. ಒರೆಸಿದ್ದು ತಾಯಿ ಒಬ್ಬರೇ ಅಲ್ಲ.

ಅವಳನ್ನು ತಾಯಿಯ ಪಕ್ಕದ ಹಾಸಿಗೆಗೆ ಹಾಕಿದರು. ನಾನು ಅಭ್ಯಾಸದಂತೆ ಹೋಗಿ ಪರದೆಯ ಅಂಚು ಹಿಡಿದೆ. ಹಂಪಮ್ಮ, ಆಕಿಗೆ ತೆಲುಗು ಬರ್ತೈತಿ, ನೀ ಹೊರಗ ಕೂಡವ್ವ ಎಂದರು. ಸಿಟ್ಟು ಇರಲಿಲ್ಲ, ದಣಿದ ದನಿಯಲ್ಲಿ ಹೇಳಿದರು. ಸಿಸ್ಟರ್ ಬಂದು ಅಂಚು ಹಿಡಿದರು. ನಾನು ಹೊರಗೆ ಬಂದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಆ ಕುರ್ಚಿಯಿಂದ ಎಲ್ಲವೂ ಕೇಳಿಸುತ್ತದೆ. ಕೈಗವಸು ಹಾಕಿಕೊಳ್ಳುವ ಸದ್ದು ಕೇಳುತ್ತದೆ, ಪಿಸುಮಾತೂ ಕೇಳುತ್ತದೆ. ಪಿಂಕಿ ಮಾತು ಶುರು ಮಾಡುವ ಹೊತ್ತಿಗೆ ಎದ್ದು ಹಾಲಿನ ಇನ್ನೊಂದು ತುದಿಯ ನೀರಿನ ಫಿಲ್ಟರ್ ಹತ್ತಿರ ಹೋಗಿ ನಿಂತೆ. ಅಲ್ಲಿಗೆ ಏನೂ ಕೇಳುವುದಿಲ್ಲ. ಸಿಸ್ಟರ್ ಕರೆಯುವವರೆಗೆ ಅಲ್ಲೇ ಇದ್ದೆ.

ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ಇಂದು ಬೆಳಿಗ್ಗೆ 8.30ಕ್ಕೆ ಆಸ್ಪತ್ರೆಗೆ ಹೋಗಿ, ಪೊಲೀಸರಿಗೆ ಏನೇನು ಬರೆದು ಕೊಡಲಿ ಎಂದು ಹಂಪಮ್ಮನವರನ್ನೇ ಕೇಳಿದೆ. ಡ್ರಮ್ಮಿಂದು ಬರಿ, ಹುಡುಗೀನ ಹೊರಗ ಹಾಕಿದ್ದು ಬರಿ, ಈಗ ಮುಚ್ಚಿ ಏನ್ ಮಾಡೂದೈತಿ, ಉಳದಿದ್ದು ನಂದು ಎಂದರು.

ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಆ ಇನ್ನೊಂದು ಉತ್ತರವೇನು ಎಂದು ಎರಡು ಸಲ ಕೇಳಿದ್ದಾರೆ. ಅದು ಡಾಕ್ಟರಿಗೆ ಗೊತ್ತಿದೆ, ಡ್ರಮ್ಮಿಗೆ ಸಂಬಂಧಿಸಿದ್ದಲ್ಲ. ನಾನು ಬರೆಯುವುದಿಲ್ಲ. ಪಿಂಕಿ ಡಾಕ್ಟರಿಗೆ ಏನು ಹೇಳಿದಳು ಎಂಬುದು ನನಗೆ ಗೊತ್ತಿಲ್ಲ. ಅವರಿಬ್ಬರ ಹೇಳಿಕೆಯನ್ನು ಮಹಿಳಾ ಪೊಲೀಸರು, ಬಾಗಿಲು ಇರುವ ಕೋಣೆಯಲ್ಲಿ, ಕನ್ನಡ ಅಥವಾ ತೆಲುಗಿನಲ್ಲಿ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಪರದೆ ಸಾಲದು.

ಶಾಂತಪ್ಪನವರು ಇದನ್ನು ಓದಿ ಹೇಳಲು ಜೋರಾಗಿ ಶುರು ಮಾಡಿದರು. ಮೆಲ್ಲಗೆ ಓದಿ ಎಂದು ಕೇಳಿಕೊಂಡೆ, ಹಾಗೇ ಓದಿದರು, ಸರಿಯಾಗಿದೆ. ಇದರಲ್ಲಿ ಬರೆದದ್ದೆಲ್ಲ ನಾನು ಕಂಡು ಕೇಳಿದ ಸತ್ಯ. ಯಾವ ಮಾತು ಕೇಳಬಾರದೆಂದು ಎದ್ದು ಹೋದೆನೋ ಅದು ಇದರಲ್ಲಿ ಇಲ್ಲ.

ಸ್ಥಳ: ಹೈದರಾಬಾದ್
ದಿನಾಂಕ: 13-11-2024, ಬೆಳಿಗ್ಗೆ 11.40

ಸಹಿ
ಚಿನ್ಮಯಿ ಟಿ.